ನಕ್ಷೆಯಲ್ಲಿ ಬಿದ್ದುಹೋದ ಮೂಲೆ

ವೀರಮ್ಮ ಯಳಂದೂರು ಕಡೆಯ ಹೆಣ್ಣು. ಗದ್ದೆ ಸೀಮೆಯಲ್ಲಿ ಹುಟ್ಟಿ ಶಾಗ್ಯಕ್ಕೆ ಸೊಸೆಯಾಗಿ ಬಂದಳು. ಇಲ್ಲಿ ರಾಗಿ, ಜೋಳದ ಹೊಲ, ಹೊಲದ ಅಂಚಿಗೇ ಕಾಡು. ಹೊಲಕ್ಕೆ ಆನೆ ನುಗ್ಗದ ಹಾಗೆ ಕಾಯುವುದನ್ನು ಗಂಡ ದೊಡ್ಡಮಾದಪ್ಪ ಕಲಿಸಿದ. ದೂರದಿಂದ ಕೂಗಬೇಕು, ಎದುರಿಗೆ ಹೋಗಬಾರದು. ಕಲಿಸಿದವನೇ ಹೋದ ವರ್ಷ ಎದುರಿಗೆ ಸಿಕ್ಕಿಬಿಟ್ಟ. ಎತ್ತರದ ಜೋಳದ ನಡುವೆ ಆನೆ ಸುಮ್ಮನೆ ನಿಂತಿತ್ತು, ಅವನಿಗೆ ಕಾಣಲಿಲ್ಲ.

ಅವರ ಹೊಲ ಒಂದು ಕಡೆ ಮೂಗಿನ ಹಾಗೆ ಕಾಡಿನೊಳಕ್ಕೆ ಚಾಚಿದೆ. ಆ ಮೂಲೆಯಲ್ಲೇ ದೊಡ್ಡಮಾದಪ್ಪನನ್ನು ಕೂರಿಸಿ, ಕೈಗೆ ಲಿಂಗ ಕೊಟ್ಟು, ವಿಭೂತಿ ಸುರಿದು ಮಣ್ಣು ಮಾಡಿದ್ದರು. ವೀರಮ್ಮ ದಿನಾ ಹೋಗಿ ಸ್ವಲ್ಪ ಹೊತ್ತು ಕೂತು ಬರುವಳು. ಅವಳಿಗೆ ಉಳಿದಿದ್ದು ಅದೊಂದೇ.

ಅವನು ಸತ್ತ ಮೇಲೆ ಊರಿಗೆ ಆನೆ ಕಂದಕ ಮಂಜೂರಾಯಿತು. ಕಾಡಿನ ಗಡಿಗುಂಟ ಆಳದ ಹಳ್ಳ, ಆನೆ ದಾಟದ ಹಾಗೆ. ಅಗೆಯುವ ಮಿಷನ್ನು ಬಂತು. ಡ್ರೈವರ್ ರಾಜಣ್ಣ ಕಣ್ಣೆದುರಿಗೆ ಒಂದು ಫೋನು ಸಿಕ್ಕಿಸಿಕೊಂಡಿದ್ದ. ಅದರಲ್ಲೊಂದು ಕೆಂಪು ಗೆರೆ. ಗೆರೆ ಹೋದ ಕಡೆ ಅಗೆಯುತ್ತಿದ್ದ. ವೀರಮ್ಮ ಇಣುಕಿ ನೋಡಿದಳು. ಗೆರೆಯಲ್ಲಿ ಮೂಲೆಯೇ ಇರಲಿಲ್ಲ. ನೆಟ್ಟಗೆ ಸಮಾಧಿಯ ಮೇಲೆ ಹಾದು ಹೋಗಿತ್ತು.

"ಲೇ ರಾಜಣ್ಣ, ಅಲ್ಲಿ ನಮ್ಮೆಜಮಾನ್ರವ್ರೆ ಕಣ್ಲಾ."

"ಫೋನ್ ತೋರ್ಸ್ದಂಗೆ ಅಗೀತೀನಿ ಕಣಕ್ಕ. ನಾಳೆ ಅಲ್ಲಿಗ್ ಬತ್ತೀನಿ. ನಕ್ಸೆ ಮಾಡೋರು ಕೊಳ್ಳೇಗಾಲದಲ್ಲವ್ರೆ, ಈಗ್ಲೇ ಓಗು."

ಬಸ್ಸು ಹಿಡಿದು ಹೋದಳು. ಕಂದಕದ ಗುತ್ತಿಗೆದಾರರ ಆಫೀಸಿನಲ್ಲಿ ಆಶಾರಾಣಿ ಅಂತ ಒಬ್ಬಳು ಕಂಪ್ಯೂಟರಿನ ಮುಂದೆ ಕೂತಿದ್ದಳು. ನಕ್ಷೆ ಮಾಡಿದ್ದು ಅವಳೇ. ಗದರಿ ಕಳಿಸಲಿಲ್ಲ.

"ಅಳತೇಲಿ ನಿಮ್ಮ ಮೂಲೆ ಅದೆ ಕಣಮ್ಮ, ನೋಡಿ. ಗೆರೇಲಿ ಅಷ್ಟು ಚುಕ್ಕಿ ಇದ್ರೆ ಫೋನು ತಡ್ಕೊಳಲ್ಲ ಅಂತ ಗೆರೆನ ಸರಳ ಮಾಡ್ತೀವಿ. ಸಣ್ಣಪುಟ್ಟ ಡೊಂಕೆಲ್ಲ ಕಂಪ್ಯೂಟರು ತೆಗ್ದಾಕ್ತದೆ. ಎಷ್ಟು ಸಣ್ಣದು ತೆಗೀಬೇಕು ಅಂತ ಮಾತ್ರ ನಾವು ಹೇಳ್ಬೇಕು."

ಆಮೇಲೆ ತಾನು ಕೊಟ್ಟಿದ್ದ ಅಂಕಿ ತೆರೆದಳು. ಪರದೆಯನ್ನೇ ನೋಡಿದಳು.

"ಇದು ಡಿಗ್ರಿ ಲೆಕ್ಕದ ನಕ್ಷೆ, ಇಡೀ ಭೂಮಿ ಅಳೆಯೋ ಲೆಕ್ಕ. ಮೊದಲು ಮೀಟರ್ ಲೆಕ್ಕಕ್ಕೆ ತಂದು ಆಮೇಲೆ ಸರಳ ಮಾಡ್ಬೇಕಿತ್ತು. ನಾನು ತರ್ಲಿಲ್ಲ. ಡಿಗ್ರೀಲಿ ತೀರಾ ಚಿಕ್ಕ ಅಂಕಿ ಕೊಟ್ಟೆ. ಒಂದು ಡಿಗ್ರಿ ಅಂದ್ರೆ ನೂರು ಕಿಲೋಮೀಟರಿಗೂ ಜಾಸ್ತಿ. ನೆಲದ ಮೇಲೆ ಅದು ನಿಮ್ಮ ಮೂಲೆಗಿಂತ ದೊಡ್ಡದಾಗೋಯ್ತು."

"ಅಂದ್ರೆ ನನ್ ಗಂಡ ಸಣ್ಣಪುಟ್ಟದ್ರಲ್ಲಿ ಒಂಟೋದ್ನಾ?"

ಆಶಾರಾಣಿ ಕೀಲಿಮಣೆ ಎಳೆದುಕೊಂಡಳು. ಏನೇನೋ ಒತ್ತಿದಳು. ಪರದೆಯ ಮೇಲೆ ಮೂಗು ಮತ್ತೆ ಚಾಚಿಕೊಂಡಿತು. "ಡ್ರೈವರಿಗೆ ಕಳಿಸಿದ್ದೀನಿ, ಹೋಗಿಬನ್ನಿ" ಅಂದಳು. ಅಷ್ಟು ಸಲೀಸಾಗಿ ಸರಿಹೋಯಿತಲ್ಲ ಅಂತ ವೀರಮ್ಮನಿಗೆ ಬಸ್ಸಿನಲ್ಲಿ ಅಳು ಬಂತು.

ಮಾರನೆಯ ಬೆಳಿಗ್ಗೆ ಹೊಲಕ್ಕೆ ಹೋದರೆ ರಾಜಣ್ಣ ಮಿಷನ್ ನಿಲ್ಲಿಸಿ ಕೆಳಗೆ ಕೂತಿದ್ದ. ಊರವರೂ ಸೇರಿದ್ದರು.

"ಒಸ ಗೆರೆ ಬಂದದೆ ಕಣಕ್ಕ. ಆದ್ರೆ ಮಿಷನ್ ತಿರುಗಲ್ಲ. ಅಕೋ, ಮೂಲೆ ಆಚ್ಗೆ ಬಂಡೆ. ಅದ್ನ ಬಳ್ಸಬೇಕು ಅಂದ್ರೆ ಅಷ್ಟು ದೂರದಿಂದ್ಲೇ ತಿರುಗ್ಬೇಕಿತ್ತು. ನಾನು ನೆನ್ನೇನೆ ಹಳೇ ಗೆರೆ ಮ್ಯಾಲೆ ನೆಟ್ಟಗೆ ಅಗ್ದು ಬಂದ್ಬುಟ್ಟಿವ್ನಿ."

"ಅಗ್ದಿದ್ನ ಮುಚ್ಚಿ ತಿರ್ಗಾ ಅಗಿ."

"ಮುಚ್ಚಿದ ಮಣ್ಣು ನಿಲ್ತದಾ? ಆನೆ ಕಾಲಿಟ್ರೆ ಕುಸ್ದು ದಾರಿಯಾಯ್ತದೆ."

"ಇಲ್ಲಿಗೇ ನಿಲ್ಸ್ಬುಡು ಅತ್ಲಾಗೆ."

ಪಕ್ಕದ ಹೊಲದ ಶಿವನಂಜಯ್ಯ ಸಿಡಿದ. "ಸಂದು ಬುಟ್ರೆ ಆನೆ ಅಲ್ಲೇ ನುಗ್ತದೆ. ನಿನ್ ಗಂಡ ಸತ್ತಂಗೆ ಊರೆಲ್ಲ ಸಾಯ್ಬೇಕಾ ವೀರವ್ವ?"

ಯಾರೂ ಅವನನ್ನು ಸುಮ್ಮನಿರು ಅನ್ನಲಿಲ್ಲ.

ರಾಜಣ್ಣ ದನಿ ತಗ್ಗಿಸಿದ. "ಎರಡೇ ದಾರಿ ಅಕ್ಕ. ಸಮಾಧಿ ಗುಡ್ಡೆ ಮ್ಯಾಲೇ ಅಗ್ಕಂಡು ಓಗ್ಬೇಕು. ಇಲ್ಲ ನಿನ್ ಹೊಲದೊಳಿಕ್ಕೆ ಎಳ್ಕತೀನಿ. ಆಗ ಯಜಮಾನ್ರು ಆಚೆ ಆಯ್ತರೆ."

"ಆಚೆ ಅಂದ್ರೆ?"

"ಆನೆ ಕಡೀಕೆ."

ವೀರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಮಿಷನ್ನಿನ ಅಗೆಯುವ ಬಕೆಟ್ಟಿನ ಹಲ್ಲು ನೋಡಿದಳು. ಅದಕ್ಕೆ ನಿನ್ನೆಯ ಬೇರು ಸಿಕ್ಕಿಕೊಂಡು ನೇತಾಡುತ್ತಿತ್ತು.

"ಒಳಿಕ್ಕೆ ಎಳ್ಕೊ."

"ಆಮ್ಯಾಕೆ ನೀನು ಅಲ್ಲಿಗ್ ಓಗಕಾಗಲ್ಲ ಕಣಕ್ಕ."

"ಅಗಿಲಾ."

ಅಗೆದ ಮಣ್ಣನ್ನು ಊರ ಕಡೆಗೇ ಸುರಿಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕೆಂಪು ಮಣ್ಣಿನ ದಿಬ್ಬ ಆಳೆತ್ತರ ಎದ್ದು ಸಮಾಧಿ ಮರೆಯಾಯಿತು. ಊರವರು ಊಟಕ್ಕೆ ಹೋದರು. ವೀರಮ್ಮ ದಿಬ್ಬ ಹತ್ತಲು ಹೋದಳು. ಹಸಿ ಮಣ್ಣು ಕುಸಿದು ಕೆಳಕ್ಕೆ ಜಾರಿದಳು. ಎದ್ದು ಮತ್ತೆ ಹತ್ತಿದಳು.