ಕರಡಿಯ ಬಗ್ಗೆ ನಾನು ಹೇಳಿದ ಸುಳ್ಳು

ಇದು ೨೦೧೫ರ ಬೇಸಿಗೆ ರಜೆಯಲ್ಲಿ ನಡೆದದ್ದು. ಆಗ ನಾವು ಡಲ್ಲಾಸ್ ಹತ್ತಿರದ ಫ್ರಿಸ್ಕೋದಲ್ಲಿದ್ದೆವು. ಜೂನ್ ಬಂತೆಂದರೆ ಅಲ್ಲಿ ಹೊರಗೆ ಕಾಲಿಡಲಾಗದಷ್ಟು ಬಿಸಿಲು. "ನಮ್ಮ ನಿಧಿ ಮರ ಅಂದ್ರೆ ಮನೆ ಮುಂದೆ ಬಿಲ್ಡರ್ ನೆಟ್ಟಿರೋ ಕಡ್ಡಿ ಅಂದ್ಕೊಂಡ್ಬಿಡ್ತಾಳೆ" ಎಂದು ನನ್ನ ಗಂಡ ಗಿರೀಶ್ ಹಟ ಹಿಡಿದು, ನನ್ನನ್ನೂ ಎಂಟು ವರ್ಷದ ಮಗಳನ್ನೂ ಕ್ಯಾಲಿಫೋರ್ನಿಯಾದ ಕರಾವಳಿಯ ರೆಡ್‌ವುಡ್ ಹೆಮ್ಮರಗಳ ಕಾಡಿಗೆ ಹೊರಡಿಸಿದರು. ಕಾರು ಹೋಗದ ಜಾಗ. ಟೆಂಟು, ಊಟ ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ನಡೆಯಬೇಕು.

ಪರ್ಮಿಟ್ ಕೊಟ್ಟ ರೇಂಜರ್ ಐವತ್ತು ದಾಟಿದ ಹೆಂಗಸು. ಒಂದು ಗಟ್ಟಿ ಪ್ಲಾಸ್ಟಿಕ್ ಡಬ್ಬಿ ತೋರಿಸಿ, "ತಿನ್ನುವುದೆಲ್ಲ ಇದರೊಳಗೇ ಇರಬೇಕು, ಟೂತ್‌ಪೇಸ್ಟ್ ಕೂಡ. ಇದನ್ನು ತೆಗೆಯಲು ಕರಡಿಗೆ ಆಗುವುದಿಲ್ಲ" ಎಂದು ಎರಡೆರಡು ಸಲ ಹೇಳಿದರು. ನಾನು ತಲೆಯಾಡಿಸಿದೆ. ಆದರೆ ಮನೆಯಲ್ಲಿ ಕರಿದು ತಂದಿದ್ದ ಕೋಡುಬಳೆ ಅದರಲ್ಲಿ ಹಿಡಿಸಲಿಲ್ಲ. ನಿಧಿಯ ಪುಟ್ಟ ಬ್ಯಾಗಿಗೆ ತುರುಕಿದೆ.

ಮೂರು ಗಂಟೆ ನಡೆದು ಟೆಂಟ್ ಹಾಕಿದೆವು. ಅಂಥ ಮರಗಳನ್ನು ನಾನು ಕಂಡಿರಲಿಲ್ಲ. ನಾವು ಮೂವರೂ ಕೈ ಚಾಚಿ ನಿಂತರೂ ಒಂದು ಬುಡದ ಅರ್ಧವನ್ನೂ ಸುತ್ತಲಾಗಲಿಲ್ಲ.

ಮರುದಿನ ಮಧ್ಯಾಹ್ನ ನಿಧಿಯ ಬ್ಯಾಗನ್ನು ಟೆಂಟಿನ ಹತ್ತಿರ ಬಿದ್ದಿದ್ದ ಮರಕ್ಕೆ ಒರಗಿಸಿ ತೊರೆಗೆ ಹೊರಟಾಗ ಗಿರೀಶ್, "ಶಾಲಿನಿ, ಆ ಬ್ಯಾಗಲ್ಲಿ ತಿಂಡಿ ಇದ್ಯಾ?" ಎಂದರು. "ಹತ್ತು ನಿಮಿಷಕ್ಕೆ ಏನಾಗುತ್ತೆ, ಬನ್ರೀ" ಎಂದೆ ನಾನು. ನೀರಾಟದಲ್ಲಿ ಒಂದು ಗಂಟೆ ಕಳೆದದ್ದೇ ತಿಳಿಯಲಿಲ್ಲ.

ವಾಪಸು ಬಂದರೆ, ಬಿದ್ದ ಮರದ ಪಕ್ಕ ಒಂದು ಕಪ್ಪು ಕರಡಿ ಕೂತು ಬ್ಯಾಗ್ ಹರಿದು ತಿನ್ನುತ್ತಿತ್ತು. ತೀರಾ ದೊಡ್ಡದೇನಲ್ಲ. ನಾನು ನಿಧಿಯನ್ನು ಹಿಂದಕ್ಕೆ ಎಳೆದುಕೊಂಡೆ. ಗಿರೀಶ್ ಜೋರಾಗಿ ಚಪ್ಪಾಳೆ ತಟ್ಟಿದ್ದೇ ತಡ, ಅದು ಬೆದರಿ ಬಿದ್ದು ಎದ್ದು ಪೊದೆಯೊಳಗೆ ಓಡಿಹೋಯಿತು. ಅಷ್ಟೇ ನಡೆದದ್ದು.

ತಕ್ಷಣ ಟೆಂಟ್ ಬಿಚ್ಚಿ ಇಳಿದೆವು. ಕೆಳಗೆ ಆಫೀಸಿನಲ್ಲಿ ಅದೇ ರೇಂಜರ್. ಅವರ ಮುಖ ನೋಡುತ್ತಲೇ ನನಗೆ ನಾಚಿಕೆಯಾಯಿತು. ಅಷ್ಟು ಹೇಳಿಸಿಕೊಂಡೂ ಕೇಳದವಳು ಅನ್ನಿಸಿಕೊಳ್ಳಬೇಕಲ್ಲ! ಗಿರೀಶ್ ಬಾಯಿ ತೆರೆಯುವ ಮೊದಲೇ ನಾನು, "ಡಬ್ಬಿಯಿಂದ ತೆಗೆದು ತಿನ್ನುತ್ತಾ ಕೂತಿದ್ದೆವು. ಕರಡಿ ಬಂದು ನಮ್ಮ ಪಕ್ಕದಿಂದಲೇ ಬ್ಯಾಗ್ ಎಳೆದುಕೊಂಡು ಹೋಯಿತು" ಎಂದೆ.

ಅವರು ಬರೆಯುವುದನ್ನು ನಿಲ್ಲಿಸಿದರು. "ನೀವು ಕೂತಿದ್ದಾಗಲೇ? ಕೂಗಿದರೂ ಹೆದರಲಿಲ್ಲವೇ?"

"ಇಲ್ಲ, ಹೆದರಲಿಲ್ಲ" ಎಂದೆ.

ನನ್ನ ಕೈ ಹಿಡಿದಿದ್ದ ನಿಧಿ ತಲೆಯೆತ್ತಿ ನನ್ನನ್ನೇ ನೋಡಿದಳು. ಗಿರೀಶ್ ನೆಲ ನೋಡುತ್ತಿದ್ದರು. ಹೊರಗೆ ಬಂದ ಮೇಲೆ, "ಯಾಕೆ ಹಾಗೆ ಹೇಳಿದೆ?" ಎಂದಷ್ಟೇ ಕೇಳಿದರು. ನಾನು ರೇಗಿದೆ.

ಫ್ರಿಸ್ಕೋಗೆ ಮರಳಿ ಮೂರು ವಾರವಾಗಿರಬೇಕು. ಆ ರೇಂಜರ್ ಫೋನ್ ಮಾಡಿದರು. "ನಿಮ್ಮ ಮಗಳು ಹೆದರಿಕೊಂಡಿರಬಹುದು, ಅದಕ್ಕೇ ತಿಳಿಸುತ್ತಿದ್ದೇನೆ" ಎಂದರು. ಆ ಕರಡಿ ಮತ್ತೆ ಟೆಂಟುಗಳ ಹತ್ತಿರ ಸುಳಿದಾಡಿತಂತೆ. ಸಾಮಾನ್ಯವಾಗಿ ಸದ್ದು ಮಾಡಿ ಓಡಿಸಿ ನೋಡುತ್ತಾರಂತೆ. ಆದರೆ ಜನ ಕೂತಿದ್ದಾಗಲೇ ಮೇಲೆ ಬರುವ ಕರಡಿ ಎಂದು ನಾನು ಹೇಳಿದ್ದರಿಂದ ಅದನ್ನು ಕೊಲ್ಲಲೇಬೇಕಾಯಿತಂತೆ. ಹೇಳುವಾಗ ಅವರ ದನಿ ಭಾರವಾಗಿತ್ತು. ನಾನು "ಥ್ಯಾಂಕ್ಸ್" ಎಂದು ಫೋನ್ ಇಟ್ಟೆ. ಆ ಒಂದು ಮಾತು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಒಂದು ವಾರ ಊಟ ಸೇರಲಿಲ್ಲ. ಕೊನೆಗೆ ನಡೆದದ್ದನ್ನೆಲ್ಲ ಬರೆದು ಅವರಿಗೆ ಕಳಿಸಿದೆ. ಎರಡೇ ಸಾಲಿನ ಉತ್ತರ ಬಂತು: ನಿಜ ತಿಳಿಸಿದ್ದಕ್ಕೆ ವಂದನೆ, ವರದಿ ತಿದ್ದಿದ್ದೇವೆ. ಒಂದು ಬೈಗುಳವೂ ಇರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಅಂದು ಸಂಜೆ ನಿಧಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಎಲ್ಲ ಹೇಳಿದೆ. ಅವಳು ಅಳಲಿಲ್ಲ. ಯಾವಾಗಲೂ ನನ್ನ ಮಾತಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಅವತ್ತು ತಡವರಿಸುತ್ತಾ ಕನ್ನಡದಲ್ಲಿ ಕೇಳಿದಳು:

"ಅಮ್ಮ, ನೀನು ಅವತ್ತೇ ನಿಜ ಹೇಳಿದ್ರೆ ಕರಡಿ ಇರ್ತಿತ್ತಾ?"

"ಗೊತ್ತಿಲ್ಲ ಪುಟ್ಟಿ" ಎಂದೆ.

ನನಗೆ ಗೊತ್ತಿತ್ತು. ಅವಳ ಮುಖ ನೋಡಿಕೊಂಡು ಅದನ್ನು ಹೇಳುವ ಧೈರ್ಯ ಮಾತ್ರ ಇವತ್ತಿಗೂ ಬಂದಿಲ್ಲ.