ನಕ್ಷೆಯ ಮೇಲಿಟ್ಟ ಕೊಡ

ತುಂಬಿದ ಕೊಡವನ್ನು ಆಕೆ ತಲೆಯಿಂದ ಇಳಿಸಿ, ನಮ್ಮ ಯಜಮಾನರು ಬರೆಯುತ್ತಿದ್ದ ನಕ್ಷೆಯ ಮೇಲೇ ಇಟ್ಟುಬಿಟ್ಟಳು!

ಮಧುಗಿರಿಗೆ ಕಟ್ಟುತ್ತಿದ್ದ ನೀರಿನ ತೊಟ್ಟಿಯ ಕೊಳಾಯಿಗಳ ನಕ್ಷೆ ಅದು. ಎಂಜಿನಿಯರಾದ ಯಜಮಾನರು ಜಗಲಿಯಲ್ಲಿ ಕೂತು ಬೀದಿಬೀದಿಗೂ ಕೊಳಾಯಿ ಗುರುತಿಸುತ್ತಿದ್ದರು. ತೊಟ್ಟಿಯ ಕೆಲಸಕ್ಕೆ ಕಲ್ಲು ಹೊರುವ ಸಿದ್ದಮ್ಮ ಬಾವಿಯಿಂದ ಬರುತ್ತಿದ್ದವಳು ಸೀದಾ ಜಗಲಿ ಹತ್ತಿ, "ನಮ್ ಕೇರಿ ಇದ್ರಾಗೆ ಎಲ್ಲೈತೆ, ತೋರ್ಸವ್ವ" ಎಂದು ನನ್ನನ್ನು ಕೇಳಿದ್ದಳು. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಿನಿಂದ ಹೆಸರು ಓದಿ ಬೆರಳಿಟ್ಟೆ. ಅಲ್ಲಿ ಕೊಳಾಯಿಯೇ ಇರಲಿಲ್ಲ. ಅವಳು ಕೊಡವಿಟ್ಟದ್ದು ಸರಿಯಾಗಿ ಅಲ್ಲಿಗೇ.

"ತೆಗೆಯಮ್ಮ, ಶಾಯಿ ಹರಡುತ್ತೆ!" ಎಂದು ಯಜಮಾನರು ಕೂಗಿದರು.

"ಹರಡ್ಲಿ ಬುಡಿ ಸ್ವಾಮಿ. ಕಲ್ಲು ಹೊರಾಕೆ ನಾವ್ ಬೇಕು, ನೀರ್ ಕುಡಿಯಾಕೆ ಬ್ಯಾಡ್ವಾ? ನಮ್ ಕೇರಿಗೂ ಕೊಳಾಯಿ ಬರೀರಿ, ಕೊಡ ಎತ್ತೀನಿ."

ಕೊಡ ತೆಗೆ ಎನ್ನುವಂತೆ ಅವರು ನನ್ನತ್ತ ನೋಡಿದರು. ನಾನು ಕೊಡ ಮುಟ್ಟಲಿಲ್ಲ. ಬದಲಿಗೆ ಕೇಳಿದೆ, "ಹೊಸ ಹಾಳೆ ತರಲೇನ್ರೀ?"

ಕಲೆಯಾದ ಹಾಳೆಯನ್ನು ಕಚೇರಿಗೆ ಕಳಿಸುವಂತಿರಲಿಲ್ಲ. ಹೊಸದನ್ನು ಬರೆದರು, ಸಿದ್ದಮ್ಮನ ಕೇರಿಯ ಕೊಳಾಯಿಯ ಸಮೇತ. ಹಳೆಯದು ನನ್ನ ಟ್ರಂಕಿನಲ್ಲಿದೆ. ಯಾರಾದರೂ "ನೀನು ಸುಮ್ಮನಿರು" ಎಂದಾಗ ಅದನ್ನು ಬಿಡಿಸಿ, ಕೊಡದ ಆ ದುಂಡನೆಯ ಕಲೆಯನ್ನು ನೋಡಿಕೊಂಡು, ಹೇಳಬೇಕಾದ್ದನ್ನು ಹೇಳಿಯೇ ಬಿಡುತ್ತೇನೆ.