ಒಂಬತ್ತು ಕಂಪ್ಯೂಟರಿಗೆ ಒಂದೇ ದನಿ

ಬೆಳಗಿನ ಐದೂವರೆ. ಟ್ಯುನೀಷಿಯಾದ ಗಾಬೆಸ್ ಊರಿನ ಅಂಧರ ಸಂಘದಲ್ಲಿ ಹಿಂಬದಿಯ ಕೋಣೆಯ ಬೀಗ ತೆಗೆದು, ಸಾಸಿಯಾ ಒಂಬತ್ತು ಹೊಚ್ಚಹೊಸ ಕಂಪ್ಯೂಟರುಗಳನ್ನು ಒಂದೊಂದಾಗಿ ಆನ್ ಮಾಡುತ್ತಾರೆ. ಪರದೆಯಲ್ಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್ ಇಲ್ಲದಿದ್ದರೆ ಕಣ್ಣು ಕಾಣದವರಿಗೆ ಅವು ಬರೀ ಡಬ್ಬಗಳು. ಎಂಟು ಸುಮ್ಮನಿವೆ. ಬಾಗಿಲ ಬಳಿಯದು ಮಾತ್ರ ಮಾತಾಡುತ್ತದೆ.

"ಸದ್ಯ, ಇದಾದ್ರೂ ಬದುಕಿದೆ," ಎಂದು ಸಾಸಿಯಾ ಅದರ ನೆತ್ತಿ ಸವರುತ್ತಾರೆ.

ಇಪ್ಪತ್ತು ವರ್ಷದ ಹಿಂದೆ ಅವರು ಇಲ್ಲಿಗೆ ಬಂದದ್ದು ಕಸ ಗುಡಿಸಲು. ಆ ಸಾಫ್ಟ್‌ವೇರಿನ ಕಂಪನಿ ಕಳಿಸುತ್ತಿದ್ದ ಲೈಸೆನ್ಸ್ ಕಾಗದಗಳನ್ನು ಬೇರೆ ಯಾರೂ ಓದದ ಕಾರಣ ತಾವೇ ಓದಿ ಅರ್ಥ ಮಾಡಿಕೊಂಡರು. ಅದರಲ್ಲಿ ಮೂರು ಬಗೆ: ಒಂದೊಂದು ಯಂತ್ರಕ್ಕೆ ಕಟ್ಟಿಹಾಕಿದ್ದು, ಒಬ್ಬ ವ್ಯಕ್ತಿ ಹೋದಲ್ಲೆಲ್ಲ ಒಯ್ಯುವಂಥದ್ದು, ಇಡೀ ಕೋಣೆ ಹಂಚಿಕೊಳ್ಳುವಂಥದ್ದು.

"ಮೂರನೇದು ತಗೊಳ್ಳಿ, ಯಾವ ಯಂತ್ರ ಕೆಟ್ರೂ ದನಿ ಉಳಿಯುತ್ತೆ ಅಂತ ಬಡ್ಕೊಂಡೆ. ಕಸ ಗುಡಿಸೋಳ ಮಾತು ಯಾರು ಕೇಳ್ತಾರೆ?"

ಆ ದನಿಗೆ ಕಂಪ್ಯೂಟರಿಗಿಂತ ಬೆಲೆ ಹೆಚ್ಚು. ಮೂಗಿಗಿಂತ ಮೂಗುತಿ ಭಾರ. ಸಂಘದ ಸಮಿತಿ ಅಗ್ಗದ ಮೊದಲ ಬಗೆಯನ್ನೇ ಕೊಂಡಿತು, ಅದೂ ಐದೇ. ಯಾರು ಯಾವ ಯಂತ್ರದ ಮುಂದೆ ಕೂರುತ್ತಾರೋ ಅದಕ್ಕೆ, ಇನ್ನೊಂದರಿಂದ ಲೈಸೆನ್ಸ್ ಹಿಂತೆಗೆದು ಹಾಕುವುದೇ ಸಾಸಿಯಾರ ದಿನಚರಿಯಾಗಿತ್ತು. ಹದಿನೆಂಟು ಮಂದಿಗೆ ಹಾಗೇ ಕಲಿಸಿದರು. ಒಂದೇ ಷರತ್ತು: ಹಿಂತೆಗೆಯಲು ಹಳೆಯ ಯಂತ್ರ ಕೈಯಲ್ಲಿರಬೇಕು, ಆನ್ ಆಗಬೇಕು.

ಈ ರಂಜಾನಿನಲ್ಲಿ ಆಲಿವ್ ವ್ಯಾಪಾರಿಯೊಬ್ಬರು ಒಂಬತ್ತು ಹೊಸ ಕಂಪ್ಯೂಟರು ದಾನ ಕೊಟ್ಟರು. ಅಂದು ಸಾಸಿಯಾ ಕಾಯಿಲೆ ಬಿದ್ದ ತಂಗಿಯ ಮನೆಯಲ್ಲಿದ್ದರು. ಅವರಿಗೆ ಹೊರೆಯಾಗದಿರಲೆಂದು ವ್ಯಾಪಾರಿಯ ಆಳುಗಳು ಹಳೆಯವನ್ನು ಆಗಲೇ ಗುಜರಿಗೆ ಸಾಗಿಸಿದರು, ನಾಲ್ಕು ಲೈಸೆನ್ಸ್ ಸಮೇತ. ರಿಪೇರಿಗೆಂದು ಕಚೇರಿಯಲ್ಲಿ ಇಟ್ಟಿದ್ದ ಒಂದು ಉಳಿಯಿತು; ಅದು ಹೇಗೋ ಆನ್ ಆಗಿ, ಅದರ ಲೈಸೆನ್ಸೇ ಈಗ ಬಾಗಿಲ ಬಳಿಯ ಯಂತ್ರದಲ್ಲಿದೆ. ಸಾಸಿಯಾ ಗುಜರಿಗೆ ಓಡುವಷ್ಟರಲ್ಲಿ ಉಳಿದವನ್ನು ಒಡೆದು ತಗಡು, ತಾಮ್ರ ಬೇರೆ ಮಾಡಿಯಾಗಿತ್ತು. ಮತ್ತೆ ಕೊಳ್ಳಿ ಎಂದು ಕಂಪನಿ ಬರೆಯಿತು. ಸಮಿತಿ ಉತ್ತರಿಸಲೇ ಇಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ.

"ಯಾರನ್ನ ಬೈಲಿ? ಎಲ್ಲರೂ ಒಳ್ಳೇದೇ ಮಾಡಕ್ಕೆ ಬಂದ ಪುಣ್ಯಾತ್ಮರು."

ಇನ್ನು ಹನ್ನೆರಡು ದಿನಕ್ಕೆ ಆಸ್ಪತ್ರೆಯ ಟೆಲಿಫೋನ್ ಕೆಲಸದ ಪರೀಕ್ಷೆ, ಮಾತಾಡುವ ಕಂಪ್ಯೂಟರಿನಲ್ಲೇ. ಇಲ್ಲಿಂದ ಆರು ಮಂದಿ ಕೂರುತ್ತಾರೆ. ಅವರಲ್ಲಿ ಮನ್ನೂಬಿಯಾಗೆ ಮೂವತ್ತೊಂಬತ್ತು; ನಲವತ್ತು ದಾಟಿದರೆ ಅರ್ಜಿಯೇ ಹಾಕುವಂತಿಲ್ಲ. ಯಂತ್ರ ಗಡಗಡ ಓದುವ ವೇಗಕ್ಕೆ ತಬ್ಬಿಬ್ಬಾಗಿ ಎರಡು ಸಲ ನಪಾಸಾದವರು. ಮಾತಾಡುವ ಕಂಪ್ಯೂಟರ್ ಅವರ ಪಾಲಿಗೆ ದಿನಕ್ಕೆ ನಲವತ್ತು ನಿಮಿಷ. ಹಾಗಾಗಿ ಇಷ್ಟು ಬೇಗ ಬಂದು, ಅದರ ಮುಂದೆ ಬೇರೆಯವರ ಸರದಿ ನಡೆಯುವಾಗ ಮೂಕ ಯಂತ್ರವೊಂದರ ಮುಂದೆ ಕೂರುತ್ತಾರೆ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಸಾಸಿಯಾ ಪರದೆ ಓದುತ್ತಾರೆ.

"ಸಾಸಿಯಕ್ಕ, ಅಕ್ಕರೆ ತೋರಿಸ್ಬೇಡ. ಯಂತ್ರ ನಿನ್ನ ಥರ ಮರುಗಲ್ಲ. ಬೇಗ ಬೇಗ ಓದು."

"ಆಯ್ತು ಮಹಾರಾಣಿ. ಹೆಸರು, ಖಾಲಿ. ವಯಸ್ಸು, ಖಾಲಿ."

"ವಯಸ್ಸು ಮೆಲ್ಲಗೆ ಓದೇ, ಬೀದಿಗೆಲ್ಲ ಕೇಳಿಸುತ್ತೆ!"

ಇಬ್ಬರೂ ನಗುತ್ತಾರೆ. ಏಳು ಗಂಟೆಗೆ ಸಾಸಿಯಾ ಓದು ನಿಲ್ಲಿಸುತ್ತಾರೆ. ನೀರು ಕುಡಿಯಲು ಅಂಗಳಕ್ಕೆ ಬಂದವರು ಅಲ್ಲೇ ನಿಲ್ಲುತ್ತಾರೆ.

"ನನ್ನ ದನಿಗೆ ಅವಳ ಬೆರಳು ಒಂದ್ಸಲಾನೂ ತಪ್ಪಲ್ಲ," ಎನ್ನುವಾಗ ಮುಖದಲ್ಲಿ ಹೆಮ್ಮೆ ಇದೆ. ಆಮೇಲೆ ಅದು ಇಳಿಯುತ್ತದೆ. "ಆದ್ರೆ ಪರೀಕ್ಷೇಲಿ ಓದೋದು ನಾನಲ್ವಲ್ಲ. ಅದು ಅವಳಿಗೂ ಗೊತ್ತು. ಅವಳು ಬಾಯಿ ಬಿಡಲ್ಲ, ನಾನೂ ಬಿಡಲ್ಲ."